ಬೆಟ್ಟದ ಕಾಡೋ ಕೆಂಪು ಕಮರಿಯೋ: ಯೂಟಾದಲ್ಲಿ ಕ್ಯಾಂಪ್‌ಗ್ರೌಂಡ್ ಆರಿಸುವುದು ಹೇಗೆ?

ತುಂಗಾತೀರ (ಫೀನಿಕ್ಸ್)

ಎಲ್ಲರಿಗೂ ನಮಸ್ಕಾರ. ಬರುವ ಜೂನ್ ಕೊನೆಯ ಭಾಗದಲ್ಲಿ ನಾವು ಆರು ಜನ ಅಮೆರಿಕದ ಯೂಟಾ ರಾಜ್ಯದ ದಕ್ಷಿಣ ಭಾಗದ ಪ್ರವಾಸಕ್ಕೆ ಹೊರಡಬೇಕೆಂದಿದ್ದೇವೆ: ನಾನು, ನನ್ನ ಪತ್ನಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ಆ ಹೊತ್ತಿಗೆ ಶಿವಮೊಗ್ಗದಿಂದ ಬಂದಿರುವ ನನ್ನ ತಂದೆ ತಾಯಿ. ಜಾಯನ್, ಬ್ರೈಸ್ ಕ್ಯಾನ್ಯನ್, ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಂಡು ಕೊನೆಗೆ ಮೋವಾಬ್ ಊರು ತಲುಪುವುದು ಯೋಜನೆ. ಹೋಟೆಲುಗಳ ಬದಲು ಟೆಂಟಿನಲ್ಲೇ ಇರಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ, ಅಪ್ಪನಿಗೂ ಅದೇ ಇಷ್ಟ. ಪ್ರತಿ ಊರಿನ ಸುತ್ತ ಟೆಂಟ್ ಹಾಕಲು ಜಾಗ ಕೊಡುವ ಹತ್ತಾರು ಕ್ಯಾಂಪ್‌ಗ್ರೌಂಡ್‌ಗಳು ಕಾಣುತ್ತಿವೆ. ಕೆಲವು ಕಮರಿಯ ತಳದಲ್ಲಿ ನದಿಯ ಪಕ್ಕದಲ್ಲಿವೆ, ಕೆಲವು ಬೆಟ್ಟದ ಮೇಲಿನ ಕಾಡಿನಲ್ಲಿವೆ. ಚಿತ್ರಗಳಲ್ಲಿ ಎಲ್ಲವೂ ಚೆಂದವಾಗಿಯೇ ಕಾಣುವುದರಿಂದ ಯಾವುದನ್ನು ನೋಡಿ ಆರಿಸಬೇಕೆಂದು ತಿಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬಯಲುಸೀಮೆ (ಸಾಲ್ಟ್ ಲೇಕ್ ಸಿಟಿ)

ತುಂಗಾತೀರ ಅವರೇ, ಆ ಚಿತ್ರಗಳನ್ನು ಪಕ್ಕಕ್ಕಿಟ್ಟು ಮೊದಲು ಪ್ರತಿ ಕ್ಯಾಂಪ್‌ಗ್ರೌಂಡ್ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಈ ಪ್ರದೇಶದಲ್ಲಿ ರಾತ್ರಿ ನಿದ್ದೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಬೇರೆಲ್ಲಕ್ಕಿಂತ ಹೆಚ್ಚಾಗಿ ಆ ಒಂದು ಅಂಕಿ ತೀರ್ಮಾನಿಸುತ್ತದೆ. ಇಲ್ಲಿನ ಒಣ ಹವೆಯಲ್ಲಿ ಪ್ರತಿ 1,000 ಅಡಿ ಮೇಲೇರಿದಂತೆ ಹಗಲಿನ ತಾಪ ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಜಾಯನ್ ಕಮರಿಯ ಬಾಯಲ್ಲಿರುವ ವಾಚ್‌ಮನ್ ಕ್ಯಾಂಪ್‌ಗ್ರೌಂಡ್ ಸುಮಾರು 4,000 ಅಡಿ ಎತ್ತರದಲ್ಲಿದ್ದರೆ ಬ್ರೈಸ್ ಕ್ಯಾನ್ಯನ್ನಿನ ನಾರ್ತ್ ಮತ್ತು ಸನ್‌ಸೆಟ್ ಎಂಬ ಎರಡೂ ಕ್ಯಾಂಪ್‌ಗ್ರೌಂಡ್‌ಗಳು ಸುಮಾರು 8,000 ಅಡಿ ಎತ್ತರದಲ್ಲಿ ಪಾಂಡರೋಸಾ ಪೈನ್ ಮರಗಳ ನಡುವೆ ಇವೆ. ಇವೆರಡರ ನಡುವೆ ಎರಡು ಗಂಟೆಯ ದಾರಿಯೂ ಇಲ್ಲ. ಆದರೂ ಜೂನ್ ಕೊನೆಯಲ್ಲಿ ಒಂದು ಕಡೆ ಮಧ್ಯಾಹ್ನ 37, 38 ಡಿಗ್ರಿಯ ಬಿಸಿಲಿರುವಾಗ ಇನ್ನೊಂದು ಕಡೆ ಮುಂಜಾವಿಗೆ ನಾಲ್ಕೈದು ಡಿಗ್ರಿಯ ಚಳಿಯಿರುತ್ತದೆ.

ಜಾಯನ್ ಕಮರಿಯಲ್ಲಿ ಇನ್ನೊಂದು ತೊಡಕಿದೆ. ಎರಡೂ ಕಡೆ ನೂರಾರು ಅಡಿ ಎದ್ದು ನಿಂತ ಮರಳುಗಲ್ಲಿನ ಗೋಡೆಗಳು ಹಗಲೆಲ್ಲ ಕಾದು, ಸೂರ್ಯ ಮುಳುಗಿದ ಮೇಲೂ ಇಳಿಸಿಟ್ಟ ರೊಟ್ಟಿಹಂಚಿನ ಹಾಗೆ ಬಿಸಿ ಬಿಡುತ್ತಲೇ ಇರುತ್ತವೆ. ರಾತ್ರಿ ಹನ್ನೊಂದಕ್ಕೂ ಟೆಂಟಿನೊಳಗೆ ಮಲಗುವ ಚೀಲ ಹೊದೆಯಲು ಆಗುವುದಿಲ್ಲ. ಇದಕ್ಕೆ ವಿರುದ್ಧವಾಗಿ ಬೆಟ್ಟದ ಮೇಲೆ ರಾತ್ರಿಯ ತಣ್ಣನೆಯ ಗಾಳಿ ಜಾರಿ ಬಂದು ಹುಲ್ಲುಗಾವಲಿನ ತಗ್ಗಿನಲ್ಲಿ ನಿಲ್ಲುತ್ತದೆ. ಅಂಥ ಕಡೆ ಹುಲ್ಲುಗಾವಲಿನ ನಡುವೆ ಜಾಗ ಹಿಡಿಯುವುದಕ್ಕಿಂತ ಇಪ್ಪತ್ತು ಮೂವತ್ತು ಅಡಿ ಮೇಲಿನ ಮರಗಳ ಅಂಚಿನಲ್ಲಿ ಹಿಡಿದರೆ ಬೆಳಗಿನ ಹೊತ್ತಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ನೋಡುವ ಜಾಗ ಮತ್ತು ಮಲಗುವ ಜಾಗ ಒಂದೇ ಆಗಿರಬೇಕಿಲ್ಲ. ಜೂನ್ ಕೊನೆಯಲ್ಲಿ ಹಗಲು ಕಮರಿಯಲ್ಲಿ ತಿರುಗಿ, ರಾತ್ರಿ ಬೆಟ್ಟ ಹತ್ತಿ ಮಲಗಿ. ಕ್ಯಾಪಿಟಲ್ ರೀಫ್ ನೋಡುವವರಿಗೆ 12ನೇ ಹೆದ್ದಾರಿಯಲ್ಲಿ ಬೌಲ್ಡರ್ ಮೌಂಟನ್ ಮೇಲೆ ಸಿಂಗಲ್‌ಟ್ರೀ, ಪ್ಲೆಸಂಟ್ ಕ್ರೀಕ್, ಓಕ್ ಕ್ರೀಕ್ ಎಂಬ ಅರಣ್ಯ ಇಲಾಖೆಯ ಕ್ಯಾಂಪ್‌ಗ್ರೌಂಡ್‌ಗಳಿವೆ. ಎಲ್ಲವೂ 8,000 ಅಡಿಗಿಂತ ಮೇಲಿವೆ. ಮೋವಾಬ್ ಊರು 4,000 ಅಡಿಯಲ್ಲಿದ್ದರೂ ಅದರ ಬೆನ್ನಿಗೇ ಇರುವ ಲಾ ಸಾಲ್ ಬೆಟ್ಟಸಾಲಿನಲ್ಲಿ ವಾರ್ನರ್ ಲೇಕ್ ಎಂಬ ಕ್ಯಾಂಪ್‌ಗ್ರೌಂಡ್ 9,400 ಅಡಿಯಲ್ಲಿ, ಆಸ್ಪೆನ್ ಮರಗಳ ನಡುವೆ, ಒಂದು ಪುಟ್ಟ ಕೆರೆಯ ದಂಡೆಯಲ್ಲಿದೆ.

ಮಂಜಿನೂರು (ಡೆನ್ವರ್)

ಎತ್ತರದ ವಿಚಾರದಲ್ಲಿ ಬಯಲುಸೀಮೆ ಅವರ ಮಾತು ಸರಿಯಾದರೂ ಅವರ ತೀರ್ಮಾನವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ವಾರ್ನರ್ ಲೇಕ್‌ನಿಂದ ಮೋವಾಬ್‌ಗೆ ತಿರುವುಗಳ ಬೆಟ್ಟದ ದಾರಿಯಲ್ಲಿ ಸುಮಾರು ಒಂದು ಗಂಟೆ ಹಿಡಿಯುತ್ತದೆ, ಕೊನೆಯ ಕೆಲವು ಮೈಲಿ ಜಲ್ಲಿ ರಸ್ತೆ. ಮೋವಾಬ್‌ನಿಂದ ಆರ್ಚಸ್ ರಾಷ್ಟ್ರೀಯ ಉದ್ಯಾನದ ಒಳತುದಿಯನ್ನು ಮುಟ್ಟಲು ಇನ್ನೂ ಮುಕ್ಕಾಲು ಗಂಟೆ ಬೇಕು. ಮರುಭೂಮಿಯಲ್ಲಿ ಬೇಸಿಗೆಯ ನಡಿಗೆಗೆ ಒದಗುವ ಹೊತ್ತೆಂದರೆ ಬೆಳಗಿನ ಆರರಿಂದ ಹತ್ತರವರೆಗೆ ಮಾತ್ರ. ಆ ಹೊತ್ತಿನ ಅರ್ಧಭಾಗ ಕಾರಿನಲ್ಲೇ ಕಳೆದುಹೋಗುವುದಾದರೆ ತಂಪಾದ ನಿದ್ದೆಯಿಂದ ಆದ ಲಾಭವೇನು? ಇನ್ನು 12ನೇ ಹೆದ್ದಾರಿಯ ಸ್ಥಿತಿ ನೋಡಿ. ಬೌಲ್ಡರ್ ಮೌಂಟನ್ ಮೇಲೆ ಅದು 9,600 ಅಡಿಯವರೆಗೆ ಏರುತ್ತದೆ, ಎಷ್ಟೋ ಕಡೆ ಬೇಲಿಯಿಲ್ಲದೆ ದನಗಳು ರಸ್ತೆಗೆ ಬರುತ್ತವೆ, ಮುಸ್ಸಂಜೆಯಾದರೆ ಜಿಂಕೆಗಳ ಕಾಟ. ಹಿರಿಯರನ್ನು ಕೂರಿಸಿಕೊಂಡು ಕತ್ತಲಲ್ಲಿ ಅದರ ಮೇಲೆ ಹೋಗಿಬರುವ ಯೋಜನೆಯನ್ನು ನಾನಂತೂ ಹಾಕಿಕೊಳ್ಳುವುದಿಲ್ಲ.

ಜಾಯನ್ ವಿಚಾರದಲ್ಲಿ ಈ ಮಾತು ಇನ್ನಷ್ಟು ಸರಿ. ಆ ಉದ್ಯಾನದ ಎತ್ತರದ ಕ್ಯಾಂಪ್‌ಗ್ರೌಂಡ್ ಲಾವಾ ಪಾಯಿಂಟ್ 7,890 ಅಡಿಯಲ್ಲಿದ್ದು ಹಿತವಾಗಿಯೇ ಇರುತ್ತದೆ. ಆದರೆ ಅಲ್ಲಿರುವುದು ಆರೇ ಆರು ಜಾಗ, ಕುಡಿಯುವ ನೀರಿಲ್ಲ, ಮುಖ್ಯ ಕಮರಿಗೆ ಒಂದು ಗಂಟೆಗೂ ಹೆಚ್ಚಿನ ದಾರಿ. ಪ್ರವಾಸಿಗರ ಋತುವಿನಲ್ಲಿ ಜಾಯನ್ ಕಮರಿಯೊಳಕ್ಕೆ ಸ್ವಂತ ಕಾರು ಬಿಡುವುದಿಲ್ಲ, ಷಟಲ್ ಬಸ್ಸನ್ನೇ ಹಿಡಿಯಬೇಕು, ಮತ್ತು ಬಸ್ಸು ಹತ್ತುವ ಕಡೆಯ ಪಾರ್ಕಿಂಗ್ ಬೆಳಗ್ಗೆ ಬೇಗನೆ ತುಂಬಿಹೋಗುತ್ತದೆ. ವಾಚ್‌ಮನ್‌ನಲ್ಲಿ ಇಳಿದುಕೊಂಡವರು ಕಾರನ್ನು ಅಲ್ಲೇ ಬಿಟ್ಟು ನಡೆದುಕೊಂಡೇ ಮೊದಲ ಬಸ್ಸಿಗೆ ಹೋಗಬಹುದು, ಸಂಜೆ ಸ್ಪ್ರಿಂಗ್‌ಡೇಲ್ ಊರಿನ ಅಂಗಡಿಗೂ ನಡೆದೇ ಹೋಗಿಬರಬಹುದು. ಈ ಅನುಕೂಲಕ್ಕಾಗಿ ಎರಡು ಬಿಸಿ ರಾತ್ರಿಗಳನ್ನು ಸಹಿಸುವುದರಲ್ಲಿ ತಪ್ಪಿಲ್ಲ.

ಒಲೆಮುಂದೆ (ಡಲ್ಲಾಸ್)

ಎತ್ತರ ನಿದ್ದೆಗಷ್ಟೇ ಅಲ್ಲ, ಅಡುಗೆಗೂ ಸಂಬಂಧಿಸಿದ್ದು. ಎಂಟು ಸಾವಿರ ಅಡಿಯಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯತೊಡಗುತ್ತದೆ, ಅದಕ್ಕಿಂತ ಬಿಸಿಯಾಗುವುದಿಲ್ಲ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ನೀರು ಕುದಿಕುದಿದು ಬತ್ತಿ, ಬೇಳೆ ಮಾತ್ರ ಕಾಳುಕಾಳಾಗಿಯೇ ಉಳಿದಿರುತ್ತದೆ. ಮೂರು ಲೀಟರಿನ ಪುಟ್ಟ ಪ್ರೆಶರ್ ಕುಕ್ಕರನ್ನು ತಪ್ಪದೆ ಒಯ್ಯಿರಿ, ಎರಡು ಸೀಟಿ ಹೆಚ್ಚು ಹಾಕಿಸಿ. ಹೆಸರುಬೇಳೆ, ಅವಲಕ್ಕಿ, ಹುರಿದಿಟ್ಟ ರವೆ ಇವುಗಳಿಂದ ಬೆಟ್ಟದ ಮೇಲೆ ತೊಂದರೆಯಾಗುವುದಿಲ್ಲ.

ಒಲೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮವರಲ್ಲಿ ಬಹಳ ಮಂದಿ ಏಷ್ಯನ್ ಅಂಗಡಿಗಳಲ್ಲಿ ಸಿಗುವ, ಉದ್ದನೆಯ ಡಬ್ಬಿಯನ್ನು ಪಕ್ಕದಲ್ಲಿ ಸಿಕ್ಕಿಸುವ ಮೇಜಿನ ಒಲೆಯನ್ನೇ ಇಟ್ಟುಕೊಂಡಿರುತ್ತಾರೆ. ಆ ಡಬ್ಬಿಯಲ್ಲಿರುವುದು ಬ್ಯೂಟೇನ್. ಅದು ದ್ರವದಿಂದ ಅನಿಲವಾಗುವುದೇ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಬ್ರೈಸ್‌ನ ಮುಂಜಾವಿನ ಚಳಿಯಲ್ಲಿ ಉರಿ ನೀಲಿಯಾಗಿ ಎದ್ದು, ಎರಡೇ ನಿಮಿಷದಲ್ಲಿ ಕುಗ್ಗಿ, ಕಾಫಿಯ ನೀರು ಬೆಚ್ಚಗಾಗುವ ಮುನ್ನವೇ ಸೋತುಹೋಗುತ್ತದೆ. ಡಬ್ಬಿಯನ್ನು ಅಲ್ಲಾಡಿಸಿ ನೋಡಿದರೆ ಒಳಗೆ ದ್ರವ ತುಂಬಿಯೇ ಇರುತ್ತದೆ. ಹಸಿರು ಸಿಲಿಂಡರಿನ ಪ್ರೊಪೇನ್ ಒಲೆಗೆ ಈ ತೊಂದರೆಯಿಲ್ಲ.

ಇನ್ನೊಂದು ಮಾತು. ಲಾ ಸಾಲ್‌ನಂಥ ಬೆಟ್ಟದ ಕಾಡುಗಳಲ್ಲಿ ಕಪ್ಪು ಕರಡಿಗಳಿವೆ. ಕಮರಿಗಳಲ್ಲಿ ಕರಡಿಯ ಭಯ ಕಡಿಮೆಯಾದರೂ ಅಳಿಲು, ಕಾಡುಕಾಗೆಗಳು ಚೀಲದ ಜಿಪ್ಪನ್ನೂ ಬಿಡಿಸಬಲ್ಲವು. ಎರಡೂ ಕಡೆ ನಿಯಮ ಒಂದೇ: ಉಪ್ಪಿನಕಾಯಿ ಬಾಟಲಿಯಿಂದ ಹಿಡಿದು ಟೂತ್‌ಪೇಸ್ಟಿನವರೆಗೆ ವಾಸನೆ ಬರುವ ವಸ್ತುವೆಲ್ಲ ಕಾರಿನೊಳಗಿರಬೇಕು, ಟೆಂಟಿನಲ್ಲಿ ಏನೂ ಇರಕೂಡದು.

ತುಂಗಾತೀರ (ಫೀನಿಕ್ಸ್)

ಎಲ್ಲರಿಗೂ ಧನ್ಯವಾದ. ಮೊದಲೇ ಬರೆಯದ ಎರಡು ಸಂಗತಿಗಳನ್ನು ಈಗ ಸೇರಿಸುತ್ತೇನೆ. ಅಪ್ಪನಿಗೆ ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡೇ ಮಲಗಬೇಕು, ಅದಕ್ಕೆ ವಿದ್ಯುತ್ ಬೇಕು. ಅಮ್ಮನಿಗೆ ಮಂಡಿನೋವಿದೆ, ನೆಲದಿಂದ ಏಳುವುದು ಕಷ್ಟ, ರಾತ್ರಿ ಒಂದೆರಡು ಬಾರಿ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಇದಲ್ಲದೆ, ಸರ್ಕಾರಿ ಬಯಲಿನಲ್ಲಿ ಎಲ್ಲಿ ಬೇಕಾದರೂ ಬಿಟ್ಟಿಯಾಗಿ ಟೆಂಟ್ ಹಾಕಬಹುದೆಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಅದು ನಿಜವೇ?

ಹಳ್ಳದದಂಡೆ (ಫ್ಲಾಗ್‌ಸ್ಟಾಫ್)

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಭೂ ನಿರ್ವಹಣಾ ಇಲಾಖೆಯ ಜಮೀನುಗಳಲ್ಲಿಯೂ ರಾಷ್ಟ್ರೀಯ ಅರಣ್ಯಗಳಲ್ಲಿಯೂ ಶುಲ್ಕವಿಲ್ಲದೆ, ಸಾಮಾನ್ಯವಾಗಿ 14 ದಿನಗಳ ಮಿತಿಯೊಳಗೆ ಟೆಂಟ್ ಹಾಕುವ ಅವಕಾಶವಿರುವುದು ನಿಜ. ಆದರೆ «ಎಲ್ಲಿ ಬೇಕಾದರೂ» ಎಂಬ ಮಾತು ನಿಜವಲ್ಲ. ಮೋವಾಬ್ ಸುತ್ತಮುತ್ತ ಜನಸಂದಣಿ ಹೆಚ್ಚಿರುವ ಕಡೆಗಳಲ್ಲಿ ಗುರುತು ಹಾಕಿದ ಜಾಗಗಳಲ್ಲಿ ಮಾತ್ರ ಇಳಿಯಬೇಕು, ಮಲವನ್ನು ವಿಶೇಷ ಚೀಲದಲ್ಲಿ ಕಟ್ಟಿ ಜೊತೆಗೇ ಒಯ್ಯಬೇಕು. ಅಲ್ಲಿ ನೀರಿರುವುದಿಲ್ಲ, ನೆರಳಿರುವುದಿಲ್ಲ, ಶೌಚಾಲಯವಿರುವುದಿಲ್ಲ. ನಿಮ್ಮ ತಾಯಿಯವರ ಸ್ಥಿತಿ ಕೇಳಿದ ಮೇಲೆ ಆ ಆಲೋಚನೆಯನ್ನು ಕೈಬಿಡುವುದೇ ಮೇಲು. ಮರುಭೂಮಿಯ ನೆಲದ ಮೇಲೆ ಕಪ್ಪಗೆ, ಉಬ್ಬುಉಬ್ಬಾಗಿ ಕಾಣುವ ಹೊರಪದರು ಬರಿಯ ಮಣ್ಣಲ್ಲ. ಸೂಕ್ಷ್ಮಜೀವಿಗಳೂ ಪಾಚಿ, ಕಲ್ಲುಹೂವುಗಳೂ ಮರಳಿನ ಕಣಗಳನ್ನು ಹಿಡಿದು ಕಟ್ಟಿದ ಜೀವಂತ ಪದರ ಅದು. ಅದರ ಮೇಲೆ ಒಮ್ಮೆ ಚಕ್ರ ಹರಿದರೆ ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಮಕ್ಕಳಿಗೆ ಇದನ್ನು ಮೊದಲ ದಿನವೇ ತೋರಿಸಿಬಿಡಿ.

ಕಮರಿ ಸೀಮೆಯಲ್ಲಿ ಜಾಗ ಆರಿಸುವವರು ನೋಡಲೇಬೇಕಾದ ಇನ್ನೊಂದು ವಿಷಯ ನೀರು ಹರಿಯುವ ದಾರಿ. ಒಣಹಳ್ಳದ ತಳ ಸಮತಟ್ಟಾಗಿ, ಮೆತ್ತನೆಯ ಮರಳಿನಿಂದ ಕೂಡಿ, ಗಾಳಿಗೆ ಮರೆಯಾಗಿ, ಟೆಂಟಿಗಾಗಿಯೇ ಮಾಡಿಟ್ಟಂತೆ ಕಾಣುತ್ತದೆ. ಅಲ್ಲಿ ಎಂದಿಗೂ ಮಲಗಬಾರದು. ಈ ಸೀಮೆಯ ಬಂಡೆನೆಲ ನೀರನ್ನು ಹೀರುವುದಿಲ್ಲ, ಆದ್ದರಿಂದ ಹತ್ತಾರು ಮೈಲಿ ಆಚೆ ಬಿದ್ದ ಮಳೆ ತಲೆಯ ಮೇಲೆ ಆಕಾಶ ತಿಳಿಯಾಗಿರುವಾಗಲೇ ಗೋಡೆಯಂತೆ ನುಗ್ಗಿ ಬರಬಲ್ಲದು. 1997ರ ಆಗಸ್ಟ್‌ನಲ್ಲಿ ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್ನಿನಲ್ಲಿ ಹನ್ನೊಂದು ಪ್ರವಾಸಿಗರು ಸತ್ತದ್ದು ಹೀಗೆಯೇ. 2015ರ ಸೆಪ್ಟೆಂಬರ್ 14ರಂದು ಜಾಯನ್‌ನ ಕೀಹೋಲ್ ಕಮರಿಯಲ್ಲಿ ಏಳು ಮಂದಿ ಕೊಚ್ಚಿಹೋದರು, ಅದೇ ದಿನ ಹತ್ತಿರದ ಹಿಲ್ಡೇಲ್ ಊರಿನಲ್ಲಿ ಪ್ರವಾಹಕ್ಕೆ ಹದಿಮೂರು ಜನ ಬಲಿಯಾದರು. ಇಲ್ಲಿನ ಮಳೆಗಾಲ ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ, ಹೆಚ್ಚಾಗಿ ಮಧ್ಯಾಹ್ನದ ನಂತರ. ಜೂನ್ ಕೊನೆಯಲ್ಲಿ ಬರುವ ನಿಮಗೆ ಈ ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ.

ಮರಳಿನಲ್ಲಿ ಟೆಂಟಿನ ಸಾಮಾನ್ಯ ಗೂಟಗಳು ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಸಂಜೆ ಬೀಸುವ ಗಾಳಿಗೆ ನೆಟ್ಟಗಿನ ಗೋಡೆಗಳ ಎತ್ತರದ ಟೆಂಟು ಮಗುಚಿಕೊಳ್ಳುತ್ತದೆ. ಮರಳಿಗೆಂದೇ ಮಾರುವ ಉದ್ದನೆಯ, ಅಗಲ ಅಲಗಿನ ಗೂಟಗಳನ್ನು ಕೊಂಡುಕೊಳ್ಳಿ.

ಬಯಲುಸೀಮೆ (ಸಾಲ್ಟ್ ಲೇಕ್ ಸಿಟಿ)

ತಂದೆಯವರ ಯಂತ್ರದ ವಿಚಾರ ತಿಳಿದ ಮೇಲೆ ನನ್ನ ಸಲಹೆಯನ್ನು ಬದಲಿಸಬೇಕಾಗುತ್ತದೆ. ಬೆಟ್ಟದ ಮೇಲಿನ ಅರಣ್ಯ ಇಲಾಖೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ವಿದ್ಯುತ್ ಸಿಗುವುದು ಬಹಳ ಅಪರೂಪ. ಬ್ರೈಸ್‌ನ ಎರಡರಲ್ಲೂ ಇಲ್ಲ, ಕ್ಯಾಪಿಟಲ್ ರೀಫ್‌ನ ಫ್ರೂಟಾದಲ್ಲೂ ಇಲ್ಲ. ವಾಚ್‌ಮನ್‌ನ ಕೆಲವು ವಿಭಾಗಗಳಲ್ಲಿ ಇದೆ. ಮೋವಾಬ್ ಬಳಿ ಡೆಡ್ ಹಾರ್ಸ್ ಪಾಯಿಂಟ್ ರಾಜ್ಯ ಉದ್ಯಾನದ ಕಯೆಂಟಾ ಮತ್ತು ವಿಂಗೇಟ್ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಇದೆ. ಈ ಡೆಡ್ ಹಾರ್ಸ್ ಪಾಯಿಂಟ್ ನಿಮಗೆ ಹೇಳಿಮಾಡಿಸಿದ ಜಾಗ. ಕೊಲರಾಡೋ ನದಿಯಿಂದ 2,000 ಅಡಿ ಮೇಲೆ, ಸಮುದ್ರಮಟ್ಟದಿಂದ ಸುಮಾರು 6,000 ಅಡಿಯಲ್ಲಿ ಇರುವುದರಿಂದ ಮೋವಾಬ್ ಊರಿಗಿಂತ ಐದಾರು ಡಿಗ್ರಿ ತಂಪು, ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನದ ಐಲೆಂಡ್ ಇನ್ ದ ಸ್ಕೈ ಭಾಗಕ್ಕೆ ಬಹಳ ಹತ್ತಿರ. ಊಟದ ಮೇಜಿನ ಮೇಲೆ ಚಾವಣಿಯಿದೆ. ಆದರೆ ಅಲ್ಲಿಗೆ ನೀರನ್ನು ಮೋವಾಬ್‌ನಿಂದ ಲಾರಿಯಲ್ಲಿ ತರುತ್ತಾರೆ, ಹಾಗಾಗಿ ಊರಿನಲ್ಲೇ ಡಬ್ಬಗಳನ್ನು ತುಂಬಿಸಿಕೊಂಡು ಹೋಗಬೇಕು. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ಎಂದು ಲೆಕ್ಕ ಹಾಕಿ. ಅಲ್ಲಿಯೇ ಸ್ವಲ್ಪ ಮುಂದೆ ರಾಷ್ಟ್ರೀಯ ಉದ್ಯಾನದೊಳಗೆ ವಿಲೋ ಫ್ಲಾಟ್ ಎಂಬ ಹನ್ನೆರಡೇ ಜಾಗಗಳ ಕ್ಯಾಂಪ್‌ಗ್ರೌಂಡ್ ಇದೆ. ಮುಂಗಡ ಕಾಯ್ದಿರಿಸುವಿಕೆಯಿಲ್ಲ, ನೀರೂ ಇಲ್ಲ. ಹಿರಿಯರೊಂದಿಗೆ ಅದೃಷ್ಟವನ್ನು ನಂಬಿ ಹೋಗುವ ಜಾಗವಲ್ಲ.

ಬ್ರೈಸ್ ಮತ್ತು ಫ್ರೂಟಾದಲ್ಲಿ ಉಳಿಯುವ ರಾತ್ರಿಗಳಿಗೆ ಒಂದು ದೊಡ್ಡ ಬ್ಯಾಟರಿ ಪೆಟ್ಟಿಗೆ ಸಾಕು. ಯಂತ್ರದಲ್ಲಿ ನೀರು ಕಾಯಿಸುವ ಭಾಗವೇ ಹೆಚ್ಚು ವಿದ್ಯುತ್ ಎಳೆಯುತ್ತದೆ, ಅದನ್ನು ಆರಿಸಿಡಬಹುದೇ ಎಂದು ವೈದ್ಯರನ್ನು ಕೇಳಿ. ಹಾಗೆಯೇ ಫೀನಿಕ್ಸ್‌ನ ಸಾವಿರ ಚಿಲ್ಲರೆ ಅಡಿಯಿಂದ ಎಂಟು ಸಾವಿರ ಅಡಿಗೆ ಹೋಗಿ ಮಲಗುವ ಬಗ್ಗೆಯೂ ಅವರ ಅಭಿಪ್ರಾಯ ಪಡೆಯಿರಿ. ಕೆಲವರಿಗೆ ಆ ಎತ್ತರದಲ್ಲಿ ತಲೆನೋವು, ನಿದ್ದೆಗೇಡು ಕಾಣಿಸಿಕೊಳ್ಳುತ್ತದೆ. ಜಾಯನ್‌ನಲ್ಲಿ ಎರಡು ರಾತ್ರಿ ಇದ್ದು ಆಮೇಲೆ ಬ್ರೈಸ್‌ಗೆ ಏರುವ ನಿಮ್ಮ ಕ್ರಮ ಆ ದೃಷ್ಟಿಯಿಂದ ಒಳ್ಳೆಯದೇ.

ಮಂಜಿನೂರು (ಡೆನ್ವರ್)

ಫ್ರೂಟಾ ಹೆಸರು ಬಂದದ್ದು ಸಂತೋಷ. ಅದನ್ನು ಬಿಟ್ಟು ಬೌಲ್ಡರ್ ಮೌಂಟನ್ ಹತ್ತಬೇಡಿ ಎಂದು ನಾನು ಹೇಳಬೇಕೆಂದಿದ್ದೆ. ಸುಮಾರು 5,500 ಅಡಿಯಲ್ಲಿ, ಫ್ರೀಮಾಂಟ್ ನದಿಯ ಪಕ್ಕದಲ್ಲಿ, ಮಾರ್ಮನ್ ವಲಸಿಗರು ನೆಟ್ಟು ಬೆಳೆಸಿದ ಹಣ್ಣಿನ ತೋಟಗಳ ನಡುವೆ ಇರುವ 71 ಜಾಗಗಳ ಕ್ಯಾಂಪ್‌ಗ್ರೌಂಡ್ ಅದು. ಸುತ್ತ ಕೆಂಪು ಬಂಡೆ, ಒಳಗೆ ಹುಲ್ಲು ಮತ್ತು ಮರದ ನೆರಳು. ಕಾಡೋ ಕಮರಿಯೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಜೂನ್ ಕೊನೆಯಲ್ಲಿ ಚೆರ್ರಿ ಮುಗಿಯುತ್ತ ಏಪ್ರಿಕಾಟ್ ಆರಂಭವಾಗುತ್ತಿರುತ್ತದೆ. ಕೊಯ್ಲಿಗೆ ತೆರೆದಿರುವ ತೋಟದೊಳಗೆ ನಿಂತು ತಿಂದರೆ ಹಣ ಕೊಡಬೇಕಿಲ್ಲ, ಚೀಲದಲ್ಲಿ ಒಯ್ಯುವುದಕ್ಕೆ ಮಾತ್ರ ತೂಕ ಮಾಡಿ ಹಣ ಹಾಕಬೇಕು. ನೀರಿನಿಂದ ತೊಳೆಯುವ ಶೌಚಾಲಯಗಳಿವೆ, ಸ್ನಾನದ ವ್ಯವಸ್ಥೆ ಮಾತ್ರ ಇಲ್ಲ. ಕಾಯ್ದಿರಿಸುವಾಗ ನಕ್ಷೆಯನ್ನು ದೊಡ್ಡದು ಮಾಡಿ, ಶೌಚಾಲಯಕ್ಕೆ ಎರಡು ಮೂರು ಜಾಗಗಳಷ್ಟು ದೂರದಲ್ಲಿರುವುದನ್ನು ಹಿಡಿಯಿರಿ. ತೀರ ಪಕ್ಕದಲ್ಲಿದ್ದರೆ ರಾತ್ರಿಯಿಡೀ ಬಾಗಿಲಿನ ಸದ್ದು ಮತ್ತು ದೀಪ, ದೂರವಿದ್ದರೆ ತಾಯಿಯವರಿಗೆ ಕಷ್ಟ. ಅವರಿಗೆ ನೆಲದ ಹಾಸಿಗೆ ಬೇಡ, ಮಂಡಿಯ ಎತ್ತರದ ಮಡಚುವ ಮಂಚ ಕೊಳ್ಳಿ.

ಜಾಯನ್ ಕುರಿತು ಒಂದು ಎಚ್ಚರಿಕೆ ಉಳಿಯಿತು. ವಾಚ್‌ಮನ್ ಪಕ್ಕದಲ್ಲೇ ಹರಿಯುವ ವರ್ಜಿನ್ ನದಿಯಲ್ಲಿ 2020ರಿಂದ ವಿಷಕಾರಿ ಸಯನೋಬ್ಯಾಕ್ಟೀರಿಯಾ ಕಂಡುಬಂದಿದೆ. ಮಕ್ಕಳನ್ನು ನೀರಿಗೆ ಬಿಡುವ ಮುನ್ನ ಅಂದಿನ ಸೂಚನಾಫಲಕ ನೋಡಿ, ನೀರು ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಹಳ್ಳದದಂಡೆ (ಫ್ಲಾಗ್‌ಸ್ಟಾಫ್)

ಬೆಂಕಿಯ ವಿಚಾರವನ್ನು ಯಾರೂ ಎತ್ತಲಿಲ್ಲ. ದಕ್ಷಿಣ ಯೂಟಾದಲ್ಲಿ ಜೂನ್ ಅತ್ಯಂತ ಒಣ ತಿಂಗಳು, ಮಳೆ ಬರುವ ಮುನ್ನ ಕಾಡೆಲ್ಲ ಗರಿಗರಿಯಾಗಿರುತ್ತದೆ. ಲಾ ಸಾಲ್ ಬೆಟ್ಟದಲ್ಲಿ 2021ರ ಜೂನ್‌ನಲ್ಲಿ ಯಾರೋ ಆರಿಸದೆ ಬಿಟ್ಟುಹೋದ ಶಿಬಿರದ ಬೆಂಕಿ ಸುಮಾರು 9,000 ಎಕರೆ ಸುಟ್ಟಿತು. 2025ರ ಜುಲೈನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಉತ್ತರ ಅಂಚಿನ ಹಳೆಯ ವಸತಿಗೃಹವೇ ಕಾಳ್ಗಿಚ್ಚಿಗೆ ಆಹುತಿಯಾಯಿತು, ಆ ಬೆಂಕಿ ಹೊತ್ತಿದ್ದು ಸಿಡಿಲಿನಿಂದ. ಹಾಗಾಗಿ ನೀವು ಬರುವ ವಾರಗಳಲ್ಲಿ ಕಟ್ಟಿಗೆಯ ಬೆಂಕಿಗೆ ನಿರ್ಬಂಧವಿರುವ ಸಾಧ್ಯತೆ ಹೆಚ್ಚು, ನಿರ್ಬಂಧ ಬಿಗಿಯಾದರೆ ಬೆಂಕಿಗೆಂದೇ ಇಟ್ಟಿರುವ ಕಬ್ಬಿಣದ ಬಳೆಯೊಳಗೂ ಹಚ್ಚುವಂತಿಲ್ಲ. ತಿರುಪಿ ಆರಿಸಬಹುದಾದ ಅನಿಲದ ಒಲೆಗೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಬೆಂಕಿಯ ಸುತ್ತ ಕೂರುವುದೇ ಮಕ್ಕಳ ಮುಖ್ಯ ಆಸೆಯಾಗಿದ್ದರೆ ಈಗಲೇ ತಿಳಿಹೇಳುವುದು ಒಳ್ಳೆಯದು.

ಕಾಡಿನಲ್ಲಿ ಟೆಂಟ್ ಹಾಕುವ ಮುನ್ನ ಒಮ್ಮೆ ತಲೆಯೆತ್ತಿ ನೋಡಿ. ತೊಗಟೆ ಕೊರೆಯುವ ಹುಳುಗಳಿಂದ ಸತ್ತು ನಿಂತ ಮರಗಳು ಇಲ್ಲಿನ ಬೆಟ್ಟಗಳಲ್ಲಿ ಬಹಳ ಇವೆ. ನದಿಯ ಪಕ್ಕದ ಕಾಟನ್‌ವುಡ್ ಮರಗಳೂ ಗಾಳಿಯಿಲ್ಲದಾಗಲೇ ದೊಡ್ಡ ಕೊಂಬೆ ಕಳಚಿಹಾಕುತ್ತವೆ. ನೆರಳು ಬೇಕು, ಆದರೆ ಒಣಕೊಂಬೆಯ ಕೆಳಗಿನ ನೆರಳು ಬೇಡ.

ತುಂಗಾತೀರ (ಫೀನಿಕ್ಸ್)

ಮನೆಯಲ್ಲಿ ಎಲ್ಲರೂ ಕೂತು ಇದನ್ನೆಲ್ಲ ಓದಿದೆವು. ಜಾಯನ್‌ನಲ್ಲಿ ವಾಚ್‌ಮನ್‌ನ ವಿದ್ಯುತ್ ಇರುವ ಜಾಗ, ಬ್ರೈಸ್‌ನಲ್ಲಿ ನಾರ್ತ್, ಕ್ಯಾಪಿಟಲ್ ರೀಫ್‌ನಲ್ಲಿ ಫ್ರೂಟಾ, ಮೋವಾಬ್‌ನಲ್ಲಿ ಡೆಡ್ ಹಾರ್ಸ್ ಪಾಯಿಂಟ್ ಎಂದು ತೀರ್ಮಾನವಾಗಿದೆ. ವಾರ್ನರ್ ಲೇಕ್‌ಗೆ ಒಂದು ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಇಳಿದು ಬರುತ್ತೇವೆ, ಮಲಗುವ ಗೋಜಿಲ್ಲ. ಕಾಯ್ದಿರಿಸುವ ದಿನಗಳ ಬಗ್ಗೆ ಯಾರಾದರೂ ಖಚಿತಪಡಿಸುವಿರಾ?

ಬಯಲುಸೀಮೆ (ಸಾಲ್ಟ್ ಲೇಕ್ ಸಿಟಿ)

ಮೊದಲ ಮೂರೂ ರಾಷ್ಟ್ರೀಯ ಉದ್ಯಾನದವು. ನೀವು ಇಳಿಯುವ ದಿನಕ್ಕೆ ಸರಿಯಾಗಿ ಆರು ತಿಂಗಳ ಮೊದಲು, ಯೂಟಾ ಗಡಿಯಾರದ ಬೆಳಗ್ಗೆ ಎಂಟಕ್ಕೆ ರೆಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ತೆರೆಯುತ್ತವೆ. ವಾಚ್‌ಮನ್‌ನ ವಿದ್ಯುತ್ ಜಾಗಗಳು ಕೆಲವೇ ನಿಮಿಷಗಳಲ್ಲಿ ಖಾಲಿಯಾಗುವುದರಿಂದ ಎರಡು ಮೂರು ಜಾಗಗಳ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡು ಕುಳಿತುಕೊಳ್ಳಿ. ಡೆಡ್ ಹಾರ್ಸ್ ಪಾಯಿಂಟ್ ರಾಜ್ಯ ಉದ್ಯಾನವಾದ್ದರಿಂದ ಅದರ ತಾಣವೇ ಬೇರೆ, ಅದು ತೆರೆಯುವುದು ನಾಲ್ಕು ತಿಂಗಳ ಮೊದಲು. ಈಗ ಡಿಸೆಂಬರಿನಲ್ಲಿ ಫೀನಿಕ್ಸ್ ಮತ್ತು ಯೂಟಾದ ಗಡಿಯಾರಗಳು ಒಂದೇ ಆಗಿವೆ, ಆದರೆ ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಬದಲಿಸದೆ ಇರುವುದರಿಂದ ಜೂನ್‌ನಲ್ಲಿ ಯೂಟಾ ಒಂದು ಗಂಟೆ ಮುಂದಿರುತ್ತದೆ. ಜಾಯನ್‌ನ ಮೊದಲ ಬಸ್ಸಿನ ಹೊತ್ತನ್ನು ಲೆಕ್ಕ ಹಾಕುವಾಗ ಇದು ನೆನಪಿರಲಿ.